ಮಸ್ಕಿ ಗಾಡಿಯ ಮಹೇಶ್ವರಿ

ಮಸ್ಕಿಯ ಆಂಬುಲೆನ್ಸಿನ ಮಹೇಶ್ವರಿಯನ್ನು ಮುಂದಿನ ಹಂತದ ಪ್ಯಾರಾಮೆಡಿಕ್ ಕೋರ್ಸಿಗೆ ಯಾವಾಗ ಸೇರುತ್ತೀ ಎಂದು ಯಾರು ಕೇಳಿದರೂ ಉತ್ತರ ಒಂದೇ: "ಇನ್ನಾ ಕೈ ಪಳಗಬೇಕ್ರಿ." ತುರ್ತು ಚಿಕಿತ್ಸೆಯ ಮೊದಲ ಹಂತವಾದ ಇಎಂಟಿ ತರಬೇತಿ ಪಾಸಾದಾಗ ಅಂದದ್ದನ್ನೇ ನಾಲ್ಕನೆಯ ವರ್ಷವೂ ಅನ್ನುತ್ತಿದ್ದಳು. ಕೈ ಎಂದೋ ಪಳಗಿತ್ತು. ಚಹಾ ಕೊಡಲು ಬಂದವರ ನಾಡಿಯನ್ನೂ ಹಿಡಿದು ನೋಡುವಳು; ಸಿಂಧನೂರಿನ ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಸೀಟು ಬಿಟ್ಟೆದ್ದು ವಿಚಾರಿಸುವಳು; ತುರ್ವಿಹಾಳದ ಕಾಲುವೆ ದಂಡೆಯ ಮೇಲೆ ಗಾಡಿಯೊಳಗೇ ಹೆರಿಗೆ ಮಾಡಿಸಿ, ಕೂಸಿಗೊಂದು ಹೆಸರನ್ನೂ ಸೂಚಿಸುವಳು. ಮೊನ್ನೆ ಎದೆನೋವೆಂದು ಗಾಡಿ ಹತ್ತಿದ ಹಟ್ಟಿಯ ಗಣಿ ಕಾರ್ಮಿಕನೊಬ್ಬ ಲಿಂಗಸುಗೂರು ಮುಟ್ಟುವ ಮೊದಲೇ ತೀರಿಕೊಂಡ. ಎದೆ ಒತ್ತಿ ಒತ್ತಿ ಅವಳ ತೋಳು ಸೋತಿದ್ದವು. "ಇನ್ನೇನೂ ಮಾಡಾಕ ಬರಂಗಿಲ್ಲೇನವ್ವಾ?" ಎಂದು ಅವನ ಹೆಂಡತಿ ಕೇಳಿದಾಗ, "ನಾ ಕಲ್ತದ್ದು ಇಷ್ಟ ಯಕ್ಕಾ" ಅಂದಿದ್ದಳು. ವಾಪಸು ಬರುವಾಗ ಚಾಲಕ ವೆಂಕೋಬನಿಗೆ ಹೇಳಿದಳು: "ಇವತ್ತು ಹಂಗಂದು ಪಾರಾದೆ ಅಣ್ಣಾ. ಎಲ್ಲಾ ಕಲ್ತ ಮ್ಯಾಲ ಯಾರರ ಸತ್ರ ಏನನ್ಲಿ? ಅದಕ್ಕ ಹೆದರಿ ಇಷ್ಟು ದಿನ ಕೋರ್ಸಿಗೆ ಹೋಗಿಲ್ಲ." ವೆಂಕೋಬ ಗಾಡಿ ನಿಲ್ಲಿಸಿ ನೀರು ಕೊಟ್ಟ. ನೀರು ಕುಡಿದು ಬಾಟಲಿ ವಾಪಸು ಕೊಡುತ್ತ ಅವಳು ಅಂದಳು: "ಈ ಜೂನಿಗೆ ಹೆಸರು ಹಚ್ಚತೀನಿ. ಹೆದರಿಕಿನೂ ಸಂಗಾಟ ಬರತೈತಿ, ಬರ್ಲಿ."