ಮೇಜರ್ ಯಾರು, ಪೇಷಂಟ್ ಯಾರು?

"ಬರ್ರಿ ಮೇಜರ್ ಸಾಹೇಬ್ರ, ಕುಂದ್ರಿ!" ಎಂದು ಡಾಕ್ಟರು ಎದ್ದು ನಿಂತು ಕೈಕುಲುಕಿದ್ದು ನಮ್ಮ ಭಾವನಿಗೆ. ಭಾವ ಜನ್ಮದಲ್ಲಿ ಬಂದೂಕು ಮುಟ್ಟಿದವನಲ್ಲ. ಕಂಪ್ಲಿಯಲ್ಲಿ ರೈಸ್ ಮಿಲ್ ಇಟ್ಟುಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಬದುಕಿದವನು. ಮೇಜರ್ ಆಗಿ ರಿಟೈರ್ ಆದದ್ದು ಅವನ ಹಿಂದೆ ಸೆರಗು ಹೊದ್ದು ನಿಂತಿದ್ದ ನಮ್ಮ ಗಿರಿಜಕ್ಕ. ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು; ಅಲ್ಲಿ ನರ್ಸುಗಳಿಗೂ ಅಧಿಕಾರಿ ದರ್ಜೆ.

"ಮೇಜರ್ ಈಕಿ ರೀ. ನಾನು ಭತ್ತದಂವ," ಅಂದ ಭಾವ. ಡಾಕ್ಟರು ನಕ್ಕರು. ನಾನೂ ನಕ್ಕೆ. ಅಕ್ಕ ನಗಲಿಲ್ಲ.

ಅವಳು ನಗುವ ಸ್ಥಿತಿಯಲ್ಲಿರಲಿಲ್ಲ ಬಿಡಿ. ಅಕ್ಕ ಕುಡಿಯುತ್ತಾಳೆ. (ಚಹಾ ಅಲ್ಲ, ರಮ್.) ಈಗೀಗ ದಿನಾ. ಬಿಡಬೇಕೆಂದು ತಾನೇ ಹಟ ಹಿಡಿದು ನೋಡಿದಳು. ಕೈ ನಡುಗಿ ತುತ್ತು ಬಾಯಿಗೆ ಹೋಗಲಿಲ್ಲ. ಮೊನ್ನೆ ಹೊಸಪೇಟೆಯ ನಮ್ಮ ಮನೆಗೆ ಬಂದು ನನ್ನ ಕೈ ಹಿಡಿದಳು. "ಡಾಕ್ಟರ್ ಕೇಳಿದ್ರ ಹೇಳಿಬಿಡ್ತೀನಿ ತಂಗಿ. ನಾನಾಗೇ ಬಾಯಿ ಬಿಡಾಕ ಆಗವಲ್ದು. ನೀ ಜೊತಿಗಿರು." ಮಾಜಿ ಸೈನಿಕರನ್ನು ನೋಡುವ ಆ ದವಾಖಾನೆಗೆ (ಯಾವ ಊರಿನದು, ಕೇಳಬೇಡಿ) ನಾವು ಮೂವರೂ ಹೋದದ್ದು ಇದಕ್ಕೆ.

ಮಿಲಿಟರಿ ಕ್ಯಾಂಟೀನ್ ಬಾಟಲಿ ಗೊತ್ತಲ್ಲ? ಮಾಜಿ ಸೈನಿಕರಿಗೆ ಕಡಿಮೆ ದರದಲ್ಲಿ ಸಿಗುವುದು. ಅಕ್ಕನ ಕಾರ್ಡಿನ ಮೇಲೆ ಬಂದ ಬಾಟಲಿ ಕಂಡು ಬಂಧುಬಳಗ ಆಡಿಕೊಳ್ಳುವುದು ಭಾವನನ್ನು. "ಹೆಂಡ್ತಿ ದೇಶಕ್ಕ ದುಡದ್ಲು, ಇಂವ ಕುಂತು ಕುಡೀತಾನ!" ಮಿಲ್ಲಿನ ತೌಡಿನ ದೂಳಿಗೆ ಅವನ ಕಣ್ಣು ಸದಾ ಕೆಂಪು. ಇನ್ನೇನು ಬೇಕು ಜನಕ್ಕೆ?

ನಮಗಿಂತ ಮುಂಚೆ ಒಳಗೆ ಹೋದವರು ಚೋರನೂರಿನ ನಿವೃತ್ತ ಹವಾಲ್ದಾರರು. ಬಂದದ್ದು ಮಂಡಿನೋವಿಗೆ. ಬಾಗಿಲು ತೆರೆದೇ ಇತ್ತು. "ಕುಡೀತೀರೇನು? ದಿನಾನ? ಸುಳ್ಳ ಹೇಳಬ್ಯಾಡ್ರಿ ಮತ್ತ!" ಡಾಕ್ಟರ ಪ್ರಶ್ನೆ ಹೊರಗೆ ಕೂತ ನಮಗೆಲ್ಲ ಕೇಳಿಸಿತು. ಮಂಡಿಗೆ ಮುಲಾಮಿನ ಜತೆ ಕುಡಿತಕ್ಕೆ ಕೌನ್ಸೆಲಿಂಗ್ ಕೂಡ ಸಿಕ್ಕಿತು. ಅಕ್ಕನ ಮುಖಕ್ಕೆ ಧೈರ್ಯ ಬಂತು. ಪರವಾಗಿಲ್ಲ, ಇವರು ಕೇಳುವ ಡಾಕ್ಟರೇ!

ನಮ್ಮ ಪಾಳಿ ಬಂದಾಗ, ಮೇಜರ್ ಯಾರೆಂಬ ಆ ನಗೆಯಾಟ ಮುಗಿದ ಮೇಲೆ, ಅಕ್ಕನನ್ನೂ ಕೇಳಿದರು. "ನಿದ್ದಿ ಬರ್ತದೇನ್ರಿ ಅಮ್ಮ? ಹೊಟ್ಟಿ ಉರೀತದೇನು? ಮನ್ಯಾಗ ಟೆನ್ಷನ್ನಾ?" ಎಲ್ಲ ಕೇಳಿದರು, ಅದೊಂದನ್ನು ಬಿಟ್ಟು. ಆಮೇಲೆ ದನಿ ತಗ್ಗಿಸಿ, ಭಾವನ ಕಣ್ಣನ್ನೇ ನೋಡುತ್ತ, "ಯಜಮಾನ್ರು ತಗೋತಾರೇನು?"

ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಭಾವ, "ಹೌದ್ರಿ, ಸ್ವಲ್ಪ," ಅಂದುಬಿಟ್ಟ!

ಭಾವನಿಗೆ ಬೈಗುಳ ಬಿತ್ತು, ಮುಂದಿನ ವಾರಕ್ಕೆ ಕೌನ್ಸೆಲಿಂಗ್ ನಿಕ್ಕಿಯಾಯಿತು. ಅಕ್ಕನಿಗೆ ನಿದ್ದೆ ಗುಳಿಗೆ.

ಹೊರಗೆ ಬಂದವಳೇ ಭಾವನನ್ನು ತರಾಟೆಗೆ ತೆಗೆದುಕೊಂಡೆ. "ನನ್ನ ಮಾನ ಹೋದ್ರ ಹೋಗ್ಲಿ ಬಿಡವಾ, ಆಕಿದು ಹೋಗಬಾರ್ದು," ಅಂದ.

ಎಂಥ ಒಳ್ಳೆಯ ಗಂಡ, ಅಲ್ಲವೇ? ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ನನಗೆ ಇಂಥ ಒಳ್ಳೆಯತನದ ಮೇಲೇ ಗುಮಾನಿ. ಹವಾಲ್ದಾರರ ಮಾನವನ್ನು ಊರಿಗೆಲ್ಲ ಕೇಳುವಂತೆ ಹರಾಜು ಹಾಕಿದ ಡಾಕ್ಟರಿಗೆ ಅಕ್ಕನ ಮುಂದೆ ನಾಲಿಗೆ ಏಳಲಿಲ್ಲ ಯಾಕೆ? ಅದು ಗೌರವವೋ, ಉತ್ತರ ಕೇಳುವ ಭಯವೋ? ಹವಾಲ್ದಾರರ ಮಾನ ಹೋಯಿತು, ಚಿಕಿತ್ಸೆ ಸಿಕ್ಕಿತು. ಅಕ್ಕನ ಮಾನ ಉಳಿಯಿತು. ಜೀವ?

ಅಕ್ಕ ಗುಳಿಗೆಯ ಹೆಸರು ಓದಿದಳು. "ರಮ್ ಮ್ಯಾಲೆ ಇದನ್ನ ನುಂಗಿದ್ರ ಏನಾಕ್ಕೈತಿ ನನಗ ಗೊತ್ತೈತಿ. ವಾರ್ಡಿನ್ಯಾಗ ಭಾಳ ಮಂದಿನ್ನ ನೋಡೀನಿ," ಅಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಭಾವನನ್ನು ಪಕ್ಕಕ್ಕೆ ಸರಿಸಿ, ತಿರುಗಿ ಒಳಗೆ ನಡೆದಳು. ನಾನು ಹಿಂದೆ ಓಡಿದೆ.

"ಡಾಕ್ಟ್ರೇ, ಕುಡಿಯಾಕಿ ನಾನು. ನಮ್ಮನಿಯವರಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟು ಕೈಮುಗಿದರು. "ಅಮ್ಮಾ, ನಿಮ್ಮಂಥ ಹೆಂಡ್ತಿ ಸಿಗಾಕ ಪುಣ್ಯ ಮಾಡಿರಬೇಕ್ರಿ. ಆದ್ರ ಗಂಡನ ತಪ್ಪು ಹಿಂಗ ಮೈಮ್ಯಾಲೆ ಹಾಕ್ಕೋಬ್ಯಾಡ್ರಿ."

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಮೇಜಿನ ಮೇಲೆ ಬಾಗಿ, "ಮುಂಜಾನಿ ತೊಗೊಂಡೇ ಬಂದೀನಿ, ಮೂಸಿ ನೋಡ್ರಿ!" ಅಂದಳು.

ಕುಡಿಯುತ್ತೇನೆ ಎಂದು ನಂಬಿಸಲಿಕ್ಕೂ ಹೆಂಗಸು ಸಾಕ್ಷಿ ತರಬೇಕೇ ಸ್ವಾಮಿ?