ಕುಂಕುಮ ಹಚ್ಚಿಸಿಕೊಂಡ ವಿಮಾನ

ಹಿರಿಯೂರಿನ ಕಲ್ಯಾಣ ಮಂಟಪವೊಂದರಲ್ಲಿ ಮಾಜಿ ಸೈನಿಕರಿಗೆ ಸನ್ಮಾನವಿತ್ತು. ನಮ್ಮ ಅಪ್ಪಾಜಿ ವಾಯುಪಡೆಯಲ್ಲಿ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನಗಳ ಮೆಕ್ಯಾನಿಕ್ ಆಗಿದ್ದವರು. ಮುದುಕರನ್ನೆಲ್ಲ ಗಂಟೆಗಟ್ಟಲೆ ಕೂರಿಸಿ, ಭಾಷಣ ಬಿಗಿದು, ಕೊನೆಗೆ ಶಾಲು ಹೊದಿಸಿ ಒಂದೊಂದು ಸ್ಮರಣಿಕೆಯ ನಾಣ್ಯ ಕೊಟ್ಟರು. ಒಂದು ಬದಿ ವಿಮಾನ, ಇನ್ನೊಂದು ಬದಿ ಸನ್ಮಾನ ಮಾಡಿದ ಸಮಿತಿಯ ಅಧ್ಯಕ್ಷರ ಮುಖ. ಯುದ್ಧ ಕಂಡವರಿಗೆ ಕೊಡುವ ನಾಣ್ಯದಲ್ಲಿ ಈ ಮಹಾಶಯನ ಮೀಸೆ ಯಾಕೆ ಎಂದು ನನಗೆ ಅಲ್ಲೇ ಹೇಸಿಗೆಯಾಯಿತು.

ಅಪ್ಪಾಜಿ ನಾಣ್ಯವನ್ನು ಕಣ್ಣ ಹತ್ತಿರ ಹಿಡಿದು ನೋಡಿ ನನ್ನ ಕೈಗಿಟ್ಟರು. "ಇದು ಯಾವುದು ಹೇಳವ್ವ."

"ನಿಮ್ಮದೇ ಅಲ್ವಾ ಅಪ್ಪಾಜಿ, ನ್ಯಾಟು" ಎಂದೆ. ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಸ್ಟೇಟಸ್ ಹಾಕಿದೆ. ಅವರು ಶಾಲು ಮಡಚಿ ಚೀಲಕ್ಕೆ ಹಾಕಿಕೊಂಡರು.

ಅಮ್ಮ ಅದನ್ನು ದೇವರ ಗೂಡಿನಲ್ಲಿ ಲಕ್ಷ್ಮಿಯ ಮುಂದಿಟ್ಟಳು. ಶುಕ್ರವಾರ ಬಂತೆಂದರೆ ಹುಣಸೆಹಣ್ಣಿನಲ್ಲಿ ಬೆಳಗುವುದು, ಅರಿಶಿನ ಕುಂಕುಮ ಹಚ್ಚುವುದು. ಅಪ್ಪಾಜಿ ಮಂಗಳಾರತಿ ತಗೊಳ್ಳುವುದನ್ನೇ ಬಿಟ್ಟರು. ಮೂರನೆಯ ಶುಕ್ರವಾರ ಅಮ್ಮ ಗದರಿದ ಮೇಲೆ ಬಾಯಿಬಿಟ್ಟರು.

"ಅದರ ಮೂತಿ ನೋಡು. ದುಂಡಗೆ ಬಾಯಿ ತಕ್ಕಂಡೈತೆ. ಅದು ಸೇಬರ್ರು, ಶತ್ರುಗಳದ್ದು. ನಾನು ಬೆಳಿಗ್ಗೆ ಗುಂಡು ತುಂಬಿ, ಗಾಜು ಒರೆಸಿ ಕಳಿಸಿದ ನ್ಯಾಟು ವಾಪಸ್ ಬರ್ಲಿಲ್ಲ. ಅದರಲ್ಲಿ ಕೂತಿದ್ದ ಹುಡುಗನೂ ಬರ್ಲಿಲ್ಲ. ಕೆಡವಿದ್ದು ಇಂಥದ್ದೇ."

ಅಮ್ಮ ಬೆರಳಿನ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡಳು.

ನಾನು ನಾಣ್ಯ ಹಿಡಿದು ಅಧ್ಯಕ್ಷರ ತೆಂಗಿನಕಾಯಿ ಮಂಡಿಗೆ ಹೋದೆ. ಹೇಳಿದ್ದನ್ನೆಲ್ಲ ಕೇಳಿ ಆಸಾಮಿ ಹಲ್ಲು ಕಿರಿದ. "ಯಾವ ವಿಮಾನ ಆದ್ರೇನ್ರಿ ಮೇಡಂ? ನೆಟ್ಟಲ್ಲಿ ಚೆಂದ ಕಾಣ್ತು, ಹಾಕಿಸಿದ್ವಿ. ಬೇಕಾದ್ರೆ ಬೇರೆ ಮಾಡ್ಸಿ, ಇನ್ನೊಂದು ಸನ್ಮಾನ ಇಟ್ಕಳಾಣ. ಅಪ್ಪಾಜಿನ ಕರ್ಕಂಬರ್ರಿ."

ನಾಣ್ಯವನ್ನು ಅವನ ಮೇಜಿನ ಮೇಲೆ ಎಸೆದೆ. ಅದು ಅವನ ಮುಖ ಮೇಲಾಗಿ ಬಿತ್ತು. ಅಲ್ಲೂ ಅದೇ ಹಲ್ಲು.

ಮನೆಗೆ ಬಂದು ನನ್ನ ಶೌರ್ಯವನ್ನು ಬಣ್ಣಿಸಿದೆ. ಅಪ್ಪಾಜಿ ಪೇಪರಿನಿಂದ ತಲೆ ಎತ್ತಲಿಲ್ಲ. "ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿರಲ್ಲ ಬಿಡವ್ವ" ಎಂದರು.

ನನಗೆ ಹೇಳಿಕೊಟ್ಟಿದ್ದರು. ನಾನು ಚಿಕ್ಕವಳಿದ್ದಾಗ, ಅಪ್ಪಾಜಿ ರಜೆಗೆ ಬಂದಾಗಲೆಲ್ಲ, ಒಲೆಯ ಮುಂದೆ ಬೂದಿ ಹರಡಿ ಬೆರಳಿನಿಂದ ಎರಡು ವಿಮಾನ ಬರೆಯುತ್ತಿದ್ದರು. ನಮ್ಮದಕ್ಕೆ ಗಾಳಿ ಹೋಗುವುದು ಎರಡು ಪಕ್ಕದಿಂದ, ಅವರದಕ್ಕೆ ಮೂತಿಯಿಂದ, ನೆನಪಿಟ್ಟುಕೋ ಎನ್ನುತ್ತಿದ್ದರು. ನಾನು ರೊಟ್ಟಿ ತಿನ್ನುತ್ತ ಹ್ಞೂಂ ಹ್ಞೂಂ ಅಂದಿದ್ದೆ.

ಮಂಟಪದಲ್ಲಿ ಅವರು ನನ್ನನ್ನು ಕೇಳಿದ್ದು ತಮಗೆ ಗೊತ್ತಾಗದೆ ಅಲ್ಲ.