ಮುಟ್ಟುಗೋಲಾದ ತೆಂಗಿನ ತೋಟ

ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯನ್ನು ನಾನು ಪರೀಕ್ಷೆಗೆ ಓದುತ್ತಿದ್ದ ವರ್ಷವೇ ಗಂಡಸಿ ಊರಿನ ದೊಡ್ಡಮ್ಮನ ತೆಂಗಿನ ತೋಟ ಅದೇ ಕಾಯ್ದೆಯಡಿ ಮುಟ್ಟುಗೋಲಾಯಿತು. ಅದನ್ನು ಅವಳಿಗೆ ಮಾರಿದವನು ಚೀಟಿ ವ್ಯವಹಾರದಲ್ಲಿ ಜನರಿಗೆ ಟೋಪಿ ಹಾಕಿದ ದುಡ್ಡಿನಲ್ಲಿ ಕೊಂಡಿದ್ದನಂತೆ. ಸದ್ಯಕ್ಕೆ ತೋಟ ಮಾರುವಂತಿಲ್ಲ ಅಷ್ಟೆ, ಕಾಯಿ ಕೀಳಬಹುದು ಎಂದು ಬಾಯಿ ನೋಯುವಂತೆ ಹೇಳಿದೆ.

"ಮುಟ್ಟಂಗಿದ್ರೆ ಮುಟ್ಟುಗೋಲು ಅಂತ ಯಾಕಂತಿದ್ರು? ನಾನು ಮುಟ್ಟಾಕಿಲ್ಲ" ಎಂದಳು. ತೋಟ ವಾಪಸ್ ಬರುತ್ತದೆಯೇ ಎಂದು ಕೇಳಿದಾಗ ಪುಸ್ತಕ ನೋಡಿ ಹೇಳುತ್ತೇನೆ ಎಂದೆ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಪುಟಗಟ್ಟಲೆ ಬರೆದೆ. ಹಾಳಾದ್ದು, ಅಂಕವೂ ಚೆನ್ನಾಗಿಯೇ ಬಂತು. ಹೇಳಲು ಹೋದರೆ ದೊಡ್ಡಮ್ಮ ಬೇಲಿಯ ಹೊರಗೇ ನಿಂತು ತೋಟ ನೋಡುತ್ತಿದ್ದಳು. ಉದುರಿದ ಕಾಯಿಗಳು ಮರದ ಬುಡದಲ್ಲೇ ಮೊಳಕೆಯೊಡೆದಿದ್ದವು.

"ಈ ಸಸಿಗಳೂ ಮುಟ್ಟುಗೋಲೇನೋ?" ಎಂದಳು.